ನಾಲ್ಕು ದಿನ ಸೈಕಲ್ಲು, ಮೂರು ಕ್ವಿಂಟಾಲ್ ರಾಗಿ

ಹೋದ ವಾರ ಪೇಜಿನಲ್ಲಿ ಏನೂ ಬರೀಲಿಲ್ಲ ಅಂತ ಕೆಲವರು ಫೋನ್ ಮಾಡಿ ಕೇಳಿದ್ರಿ. ಹುಷಾರಾಗೇ ಇದ್ದೀನಿ. ರಾಗಿ ಬಡಿದು ಮನೆ ತುಂಬಿಸಿದ್ದಾಯ್ತು, ಹುಲ್ಲು ಬಣವೆ ಹಾಕಿದ್ದಾಯ್ತು. ಹಿಪ್ಪುನೇರಳೆ ಕಟಾವು ಮಾಡಿ ಗೊಬ್ಬರ ಕೊಟ್ಟಿದ್ದೀನಿ, ಮುಂದಿನ ಬೆಳೆ ಹುಳಕ್ಕೆ ಇನ್ನೂ ಟೈಮಿದೆ. ಆ ಬಿಡುವಿನಲ್ಲಿ ಜನವರಿ 23ರಿಂದ 26ರವರೆಗೆ ನಾಲ್ಕು ದಿನ ಸೈಕಲ್ ತುಳ್ಕೊಂಡು ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸುತ್ತಿ ಬಂದೆ.

ನಗಬೇಡಿ. ನನಗೆ 54 ವರ್ಷ. ಸೈಕಲ್ಲೂ ಗೇರಿಂದಲ್ಲ, ಹಾಲಿನ ಕ್ಯಾನು ನೇತಾಕ್ಕೊಂಡು ಡೈರಿಗೆ ಹೋಗ್ತೀನಲ್ಲ, ಅದೇ ಹಳೇ ಸೈಕಲ್ಲು. ಯಾಕೆ ಹೋದೆ ಅನ್ನೋದನ್ನ ಪೂರ್ತಿ ಹೇಳಬೇಕು ಅಂತಲೇ ಇವತ್ತು ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ರಾಮನಗರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರೋ ಒಬ್ಬ ಹುಡುಗ ಇದ್ದಾನೆ. ಸಂಕ್ರಾಂತಿಗೆ ಮುಂಚೆ ಸಿಕ್ಕಿದಾಗ, "ಅಣ್ಣ, ನಮ್ಮ ನಾಲ್ಕು ತಾಲ್ಲೂಕಿನ ಡಯಾಲಿಸಿಸ್ ಪೇಷೆಂಟುಗಳಿಗೆ ದುಡ್ಡು ಎತ್ತೋಕೆ ಸೈಕಲ್ ಸವಾರಿ ಮಾಡ್ತಾ ಇದೀವಿ, ನೀವೂ ಬನ್ನಿ" ಅಂದ. ಬೆಂಗಳೂರಿಂದ ಸೈಕಲ್ ಹವ್ಯಾಸದವರು, ನಮ್ಮ ಕಡೆ ಹಳ್ಳಿಯವರು, ಎಲ್ಲ ಸೇರಿ 24 ಜನ. ಒಬ್ಬೊಬ್ಬರೂ ತಮ್ಮ ಪರಿಚಯದವರ ಹತ್ರ ಕೇಳಿ ಕೈಲಾದಷ್ಟು ತರಬೇಕು. ಅದೇ ಷರತ್ತು.

ಡಯಾಲಿಸಿಸ್ ಅಂದ್ರೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಕಿಡ್ನಿ ಕೆಲಸ ನಿಲ್ಲಿಸಿದವರ ರಕ್ತಾನ ಹೊರಗೆ ತೆಗೆದು, ಮಿಷಿನ್‌ನಲ್ಲಿ ಸೋಸಿ ವಾಪಸ್ ಮೈಗೆ ಬಿಡೋದು. ಒಂದು ಸಲಕ್ಕೆ ಸುಮಾರು 4 ಗಂಟೆ, ವಾರಕ್ಕೆ ಎರಡು ಮೂರು ಸಲ, ಬದುಕಿರೋವರೆಗೂ. 2016ರಿಂದ ಕೇಂದ್ರದ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್‌ನವರಿಗೆ ಪುಕ್ಕಟೆ. ಆದ್ರೆ ಹಳ್ಳಿಯಿಂದ ಹೋಗಿ ಬರೋ ಚಾರ್ಜು, ಆಟೋ, ಹೊರಗಡೆ ತಗೋಬೇಕಾದ ಔಷಧಿ, ಜೊತೆಗೆ ಹೋಗೋ ಆಳಿನ ಒಂದು ದಿನದ ಕೂಲಿ, ಇವು ಪುಕ್ಕಟೆ ಅಲ್ಲ. ಎತ್ತಿದ ದುಡ್ಡು ಈ ಖರ್ಚಿಗೆ.

ನನ್ನ ತಮ್ಮ ಒಂದೂವರೆ ವರ್ಷ ಹಿಂಗೆ ಓಡಾಡಿ 2022ರಲ್ಲಿ ಹೋದ. ನಿಮ್ಮಲ್ಲಿ ಸುಮಾರು ಜನಕ್ಕೆ ಅಷ್ಟು ಗೊತ್ತು. ಗೊತ್ತಿಲ್ಲದ್ದನ್ನ ಆಮೇಲೆ ಹೇಳ್ತೀನಿ.

ಹುಡುಗನಿಗೆ ಸೈಕಲ್ ತುಳೀತೀನಿ ಅಂತ ಒಪ್ಕೊಂಡೆ. ದುಡ್ಡು ಕೇಳೋದು ಮಾತ್ರ ನನ್ನ ಕೈಲಿ ಆಗಲ್ಲ ಅಂದೆ. ನಮ್ಮಪ್ಪ ಹೇಳಿಕೊಟ್ಟಿದ್ದೇ ಅದು, ಇದ್ರೆ ಕೊಡು, ಇಲ್ದಿದ್ರೆ ಸುಮ್ನಿರು, ಇನ್ನೊಬ್ಬರ ಬಾಗಿಲಲ್ಲಿ ಕೈ ಚಾಚಬೇಡ ಅಂತ. ತಮ್ಮನ ಕಾಯಿಲೆಗೂ ನಾನು ಯಾರನ್ನೂ ಕೇಳಲಿಲ್ಲ. ಹತ್ತು ಗುಂಟೆ ಮಾರಿದೆ, ಸಾಲ ಮಾಡಿದೆ, ಅದೇ ದೊಡ್ಡಸ್ತಿಕೆ ಅಂದ್ಕೊಂಡಿದ್ದೆ.

ಬೆಂಗಳೂರಿನ ಗುಂಪಲ್ಲಿ ಟೂರ್ ಆಫ್ ನೀಲಗಿರೀಸ್‌ಗೆ ಹೋಗಿ ಬಂದವರೊಬ್ಬರು ಇದ್ರು. ಅದು 2008ರಲ್ಲಿ ಶುರುವಾಗಿದ್ದು, ಊಟಿ ಕಡೆ ಬೆಟ್ಟ ಹತ್ತಿ ಇಳಿಯೋ ಹಲವು ದಿನದ ಸವಾರಿ. ಅವರು ಹೇಳಿದ್ರು, ಅಮೆರಿಕದಲ್ಲಿ 1980ರಲ್ಲಿ 36 ಜನ ಕ್ಯಾನ್ಸರ್ ಆಸ್ಪತ್ರೆಗಾಗಿ ಎರಡು ದಿನ ಸೈಕಲ್ ತುಳಿದು ಸುಮಾರು 10 ಸಾವಿರ ಡಾಲರ್ ಎತ್ತಿದ್ರಂತೆ. ಪ್ಯಾನ್ ಮಾಸ್ ಚಾಲೆಂಜ್ ಅಂತ ಹೆಸರು, ಈಗ ಅದರಲ್ಲಿ ಸಾವಿರಾರು ಜನ ತುಳೀತಾರೆ. "ಸೈಕಲ್ ಬರೀ ನೆಪ ಸಾರ್. ಸುಮ್ನೆ ಕೇಳೋಕೆ ನಾಚಿಕೆ ಆಗುತ್ತೆ, ಮೈ ದಂಡಿಸಿ ಕೇಳಿದ್ರೆ ನಾಚಿಕೆ ಕಮ್ಮಿ" ಅಂದ್ರು. ಆ ಮಾತು ನನಗೆ ಹಿಡಿಸ್ತು.

ಮೊದಲನೇ ದಿನ ಹೊರಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಿಂದ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ ಊರು. ಅವರು 2019ರ ಜನವರಿ 21ಕ್ಕೆ ಲಿಂಗೈಕ್ಯರಾದ್ರು, ಅದಾಗಿ ಆರು ವರ್ಷ ಎರಡು ದಿನಕ್ಕೆ ನಾವು ಅಲ್ಲಿ ನಿಂತಿದ್ವಿ. ಸಾವಿರಾರು ಮಕ್ಕಳಿಗೆ ದಿನಾ ಅನ್ನ ಹಾಕಿದ ಮಠ ಅದು. ಅದರ ಉಗ್ರಾಣಕ್ಕೆ ನಮ್ಮಂಥ ರೈತರ ಮನೆಯ ರಾಗಿ, ಕಾಳು ಎಷ್ಟು ಹೋಗಿದೆಯೋ ಲೆಕ್ಕ ಇಲ್ಲ. ಅಷ್ಟು ದೊಡ್ಡವರೇ ಇನ್ನೊಬ್ಬರ ಮಕ್ಕಳಿಗಾಗಿ ಜೋಳಿಗೆ ಹಿಡಿದ್ರು, ನಂದೇನು ಅಂತ ಅನ್ನಿಸ್ತು. ಆದ್ರೂ ಮಾಗಡಿ ಪೇಟೆಯಲ್ಲಿ ಡಬ್ಬಿ ನನ್ನ ಕೈಗೆ ಬಂದಾಗ ಪಕ್ಕದವನಿಗೆ ದಾಟಿಸಿಬಿಟ್ಟೆ. ರಾತ್ರಿ ಅವರೆಕಾಳು ಸಾರು, ಮುದ್ದೆ. ಬೆಂಗಳೂರಿನ ಹುಡುಗರು ಎರಡೆರಡು ಮುದ್ದೆ ಹೊಡೆದ್ರು. ನನಗೆ ಕೂರೋಕೇ ಆಗ್ತಿರಲಿಲ್ಲ, ತೊಡೆ ಸಂದು ಉರೀತಿತ್ತು. ಅವರು ಒಳಗೆ ಮೆತ್ತೆ ಇರೋ ಚಡ್ಡಿ ಹಾಕ್ಕೊಂಡಿರ್ತಾರೆ. ನಾನು ಕೊಬ್ಬರಿ ಎಣ್ಣೆ ಸವರ್ಕೊಂಡು ಮಲಗಿದೆ.

ಎರಡನೇ ದಿನ ಮಾಗಡಿಯಿಂದ ರಾಮನಗರ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಎಲ್ಲ ಹೇಳ್ತಾರೆ. ನನಗೆ ಅದು ಮೂವತ್ತು ವರ್ಷದಿಂದ ಗೂಡು ಸುರಿದು, ರೇಟು ಏರುತ್ತಾ ಇಳಿಯುತ್ತಾ ಅಂತ ಎದೆ ಹಿಡ್ಕೊಂಡು ನಿಂತಿರೋ ಜಾಗ. ಡಬ್ಬಿ ಮತ್ತೆ ನನ್ನ ಪಾಲಿಗೆ ಬಂತು, ಈ ಸಲ ದಾಟಿಸೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಒಬ್ಬ ರೀಲರ್ ಇದ್ದಾರೆ, ನನ್ನ ಗೂಡಿಗೆ ಒಂದು ರೂಪಾಯಿ ಜಾಸ್ತಿ ಕೂಗೋಕೆ ಅಳೆದು ಸುರಿಯೋ ಆಸಾಮಿ. ಅವರೇ ಎದುರು ಬಂದ್ರು. "ಏನ್ ಗೌಡ್ರೇ, ಇವತ್ತು ಗೂಡಿಲ್ಲ, ಡಬ್ಬಿ?" ಅಂದ್ರು. ನಾಲಿಗೆ ಹೊರಳಲಿಲ್ಲ. ಕಷ್ಟಪಟ್ಟು, "ಡಯಾಲಿಸಿಸ್‌ನವರಿಗೆ... ನನ್ನ ತಮ್ಮನೂ..." ಅಂದೆ. ಅಷ್ಟೇ. ಐನೂರರ ನೋಟು ಮಡಚಿ ಹಾಕಿದ್ರು. "ನಮ್ಮ ಅತ್ತಿಗೇನೂ ಹೋಗ್ತಾರೆ, ವಾರಕ್ಕೆ ಎರಡು ಸಲ" ಅಂದ್ರು. ಇಷ್ಟು ವರ್ಷ ಅವರ ಜೊತೆ ರೇಟು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ ನಾನು.

ಮೂರನೇ ದಿನ ಚನ್ನಪಟ್ಟಣದ ಮೇಲೆ ಸಾತನೂರು. ದೊಡ್ಡ ಹೈವೇಲಿ 2023ರ ಆಗಸ್ಟಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲ್ಲ, ಸೈಕಲ್ಲಂತೂ ಇಲ್ಲವೇ ಇಲ್ಲ. ಹಂಗಾಗಿ ಹಳೇ ರಸ್ತೇಲೇ ಹೋಗಿ ಕೆಂಗಲ್ ಆಂಜನೇಯನಿಗೆ ಕೈ ಮುಗಿದು ಚನ್ನಪಟ್ಟಣ ಸೇರಿದ್ವಿ. ಬೊಂಬೆ ಕಡೆಯೋ ಒಂದು ಮನೆ ಮುಂದೆ ನೀರು ಕೇಳಿದ್ವಿ. ಆ ಯಜಮಾನರು ಆಲೆ ಮರದ ತುಂಡನ್ನ ಮಿಷಿನ್ನಿಗೆ ಹಾಕಿ, ನಾವು ನೋಡ್ತಿದ್ದ ಹಾಗೇ ಬುಗುರಿ ಕಡೆದು, ಕೆಂಪು ಅರಗು ಒತ್ತಿ ಬಣ್ಣ ಹಿಡಿಸಿ, 24 ಬುಗುರಿ ಕೊಟ್ರು. "ದುಡ್ಡಿಲ್ಲ, ಇದನ್ನ ಮಾರ್ಕೊಳಿ" ಅಂದ್ರು.

ದಾರಿ ಉದ್ದಕ್ಕೂ ಜನ ಎಳನೀರು ಕೊಟ್ರು. ನಮ್ಮ ಕಡೆ ಮರ್ಯಾದೆ ಅಂದ್ರೆ ಎಳನೀರು ತಾನೆ. ಕುಡಿಯುವಾಗೆಲ್ಲ ತಮ್ಮನ ನೆನಪು. ಇದನ್ನ ದಯವಿಟ್ಟು ಗಮನವಿಟ್ಟು ಓದಿ. ಕಿಡ್ನಿ ಕೆಟ್ಟು ಡಯಾಲಿಸಿಸ್‌ನಲ್ಲಿ ಇರೋರಿಗೆ ಎಳನೀರು ಅಪಾಯ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಇಲ್ದೆ ಅದು ಮೈಯಿಂದ ಹೊರಗೆ ಹೋಗಲ್ಲ, ಎದೆ ಬಡಿತಾನೇ ನಿಲ್ಲಿಸಬಹುದು. ಬಾಳೆಹಣ್ಣೂ ಅಷ್ಟೇ. ನೋಡೋಕೆ ಬರೋ ನೆಂಟರೆಲ್ಲ ಅವೆರಡನ್ನೇ ತರ್ತಿದ್ರು. ನಲವತ್ತು ತೆಂಗಿನ ಮರ ಇರೋ ತೋಟದಲ್ಲಿ ಕೂತು ಅವನು ಅಳತೆ ಲೋಟದಲ್ಲಿ ನೀರು ಕುಡೀತಿದ್ದ.

ಈಗ ಹೇಳ್ತೀನಿ ಅಂದಿದ್ದನ್ನ ಹೇಳ್ತೀನಿ. ಆ ವರ್ಷ ಗೂಡಿಗೆ ಒಳ್ಳೇ ರೇಟಿತ್ತು. ಸಾಲ ತೀರಿಸೋ ಆಸೆಗೆ ನಾನು ಯಾವಾಗ್ಲೂ ಕಟ್ಟೋದಕ್ಕಿಂತ ಜಾಸ್ತಿ ಮೊಟ್ಟೆ ಕಟ್ಟಿದ್ದೆ. ನಿಮಗೇ ಗೊತ್ತು, ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹುಳ ಹಣ್ಣಾಗೋವರೆಗೆ ಮನೇಲಿ ಒಬ್ಬ ಆಳೂ ಅಲ್ಲಾಡೋ ಹಾಗಿಲ್ಲ. ಸೊಪ್ಪು ಕೊಯ್ಯಬೇಕು, ಹಾಕಬೇಕು, ಚಂದ್ರಿಕೆ ಜೋಡಿಸಬೇಕು. ತಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋನು ನಾನೇ. ಹೊರಡೋ ದಿನ ಬೆಳಗ್ಗೆ ಅವನೇ ಬಂದು, "ಅಣ್ಣಯ್ಯ, ಫೋನ್ ಮಾಡಿದ್ರು, ಮಿಷಿನ್ ರಿಪೇರಿ ಅಂತೆ, ಬರೋದು ಬ್ಯಾಡ ಅಂದ್ರು" ಅಂದ. ಮುಂದಿನ ಸಲವೂ ಅದೇ ಅಂದ. ನಾನು ನಂಬಿದೆ. ನಿಜ ಹೇಳಬೇಕಂದ್ರೆ, ನಂಬೋಕೆ ನನಗೂ ಅನುಕೂಲ ಇತ್ತು. ಗೂಡು ಬಿಡಿಸಿದ ವಾರ ಅವನಿಗೆ ಉಸಿರು ಕಟ್ಟಿತು. ಆಸ್ಪತ್ರೆ ಸೇರಿಸಿದ್ವಿ, ಉಳೀಲಿಲ್ಲ.

ತಿಥಿ ಕಳೆದ ಮೇಲೆ ಅವನ ಡಯಾಲಿಸಿಸ್ ಪುಸ್ತಕ ಸಿಕ್ತು. ಕಾಗದ ಪತ್ರಕ್ಕೆ ಹೋದಾಗ ಅಲ್ಲಿನ ನರ್ಸಮ್ಮ ಅದನ್ನ ನೋಡಿ, "ಮಿಷಿನ್ ಯಾವತ್ತೂ ಕೆಟ್ಟಿರಲಿಲ್ವಲ್ಲ, ಅವರೇ ಬರಲಿಲ್ಲ" ಅಂದ್ರು. ಮನೆಗೆ ಬಂದು ನಾನು ಹುಳದ ಲೆಕ್ಕ ಬರೆಯೋ ಪುಸ್ತಕ ಪಕ್ಕದಲ್ಲಿಟ್ಟು ನೋಡಿದೆ. ಅವನ ಪುಸ್ತಕದಲ್ಲಿ ಖಾಲಿ ಇರೋ ತಾರೀಖು, ನನ್ನ ಪುಸ್ತಕದಲ್ಲಿ ಸೊಪ್ಪಿನ ಹೊರೆ ಲೆಕ್ಕ ತುಂಬಿರೋ ತಾರೀಖು, ಎರಡೂ ಒಂದೇ. ನನ್ನ ಬೆಳೆ ಕೆಡಬಾರದು ಅಂತ ಅವನು ಸುಳ್ಳು ಹೇಳಿದ್ದ. ಈ ಪುಸ್ತಕದ ವಿಚಾರ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಮೂರನೇ ದಿನ ಸಾಯಂಕಾಲ ಸಾತನೂರು ಹತ್ರ ಒಂದು ಊರಲ್ಲಿ ವಯಸ್ಸಾದ ತಾಯಿಯೊಬ್ಬರು ಸೈಕಲ್ ನಿಲ್ಲಿಸಿದ್ರು. ಯಾಕೆ ಹಿಂಗೆ ಸುತ್ತುತೀರಿ ಅಂತ ಕೇಳಿದ್ರು. ಹೇಳಿದೆ. ಒಳಗೆ ಹೋಗಿ ಮೊರದಲ್ಲಿ ರಾಗಿ ತಂದ್ರು. "ಅಜ್ಜಿ, ಇದನ್ನ ಹೊತ್ಕೊಂಡು ಹೋಗೋಕಾಗಲ್ಲ" ಅಂದೆ. "ಯಾಕಪ್ಪ, ಈಸ್ಕಳಕ್ಕೆ ನಾಚ್ಕೆನಾ? ನೀನು ಕೇಳ್ದಿದ್ರೆ ನಂಗೆಂಗ್ ಗೊತ್ತಾಗ್ಬೇಕು, ಕಷ್ಟದಲ್ಲವ್ರೆ ಅಂತ?" ಅಂದ್ರು. ನಾನು ಟವಲ್ ಬಿಚ್ಚಿ ಹಿಡಿದೆ. ಅವರ ಮಾತು ಕೇಳಿ ಅಕ್ಕಪಕ್ಕದ ಮನೆಯವರೂ ತಂದ್ರು. ನಮ್ಮ ಹಿಂದೆ ಬರ್ತಿದ್ದ ಲಗೇಜ್ ಆಟೋಗೆ ತುಂಬಿದ್ವಿ. ಕನಕಪುರ ಮುಟ್ಟೋ ಹೊತ್ತಿಗೆ 50 ಕೆಜಿಯ 6 ಚೀಲ ಆಗಿತ್ತು.

ಕೊನೇ ದಿನ ಸಾತನೂರಿಂದ ಕನಕಪುರ, ಅಲ್ಲಿಂದ ಸಂಗಮ. ಕನಕಪುರದಲ್ಲಿ ಧ್ವಜಕ್ಕೆ ನಮಸ್ಕಾರ ಮಾಡಿ ಹೊರಟ್ವಿ. ನಮ್ಮ ಮಂಚನಬೆಲೆ, ರಾಮನಗರ ದಾಟಿ ಬರೋ ಅರ್ಕಾವತಿ ಸಂಗಮದಲ್ಲೇ ಕಾವೇರಿಗೆ ಸೇರೋದು. ಕೊನೇ ಇಳಿಜಾರಲ್ಲಿ ನನ್ನ ಸೈಕಲ್ ಬ್ರೇಕು ಕಿರುಗುಟ್ತಿತ್ತು, ಕಾಲು ನಡುಗ್ತಿತ್ತು. ನೀರಿಗೆ ಇಳಿದು ಮುಖ ತೊಳ್ಕೊಂಡೆ. ಒಟ್ಟು ಸುಮಾರು 150 ಕಿಲೋಮೀಟರ್ ಆಗಿರಬೇಕು.

ಲೆಕ್ಕ: ನನ್ನ ಡಬ್ಬಿಯಲ್ಲಿ 9,350 ರೂಪಾಯಿ. ರಾಗಿ 3 ಕ್ವಿಂಟಾಲ್, 2024-25ರ ಬೆಂಬಲ ಬೆಲೆ 4,290ರ ಲೆಕ್ಕದಲ್ಲೇ ಪಕ್ಕದೂರಿನ ಮಿಲ್ಲಿನವರು ತಗೊಂಡ್ರು, 12,870. ಒಟ್ಟು 22,220. ಮೆಡಿಕಲ್ ಸ್ಟೋರ್ ಹುಡುಗನ ಕೈಗೆ ಕೊಟ್ಟು ರಸೀದಿ ತಗೊಂಡಿದ್ದೀನಿ, ಬೇಕಾದವರು ಮನೆಗೆ ಬಂದು ನೋಡಬಹುದು.

ಮನೆಗೆ ಬಂದ ರಾತ್ರಿ ತಮ್ಮನ ಹೆಂಡತಿ ಕಾಲಿಗೆ ಹಚ್ಚೋಕೆ ಎಣ್ಣೆ ಬಿಸಿ ಮಾಡಿ ತಂದಿಟ್ಳು. ಎರಡು ಪುಸ್ತಕದ ವಿಚಾರ ಅವಳಿಗೆ ಅವತ್ತು ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ನಂಗೊತ್ತಿತ್ತು ಬಾವ. ಹೇಳಿದ್ರೆ ನೀವು ಹುಳ ಬಿಟ್ಟು ಹೊರಡ್ತಿದ್ರಿ, ಸಾಲ ಹಂಗೇ ಉಳೀತಿತ್ತು ಅಂತ ಅವ್ರು ಆಣೆ ಹಾಕ್ಸಿದ್ರು" ಅಂದ್ಳು. ಒಂದೇ ಮನೇಲಿ ಮೂರು ಜನ, ಮೂರೂ ಜನ ಬಾಯಿ ಮುಚ್ಕೊಂಡಿದ್ವಿ. ಅವತ್ತು ಪಕ್ಕದ ಮನೆಯವರನ್ನ "ಇವತ್ತು ಒಂದಿನ ಇವನನ್ನ ಕರ್ಕೊಂಡು ಹೋಗಿ ಬಾರಪ್ಪ" ಅಂತ ಕೇಳಿದ್ರೆ ಖಂಡಿತ ಹೋಗ್ತಿದ್ದ. ನಾನು ಕೇಳಲಿಲ್ಲ.

ಅದಕ್ಕೇ ನಿಮಗೆ ಹೇಳೋದು. ರಾಗಿ ಕಳೆ ತೆಗೆಯೋಕೆ ಮುಯ್ಯಾಳು ಮಾಡ್ಕೋತೀವಿ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಅದರಲ್ಲಿ ಯಾರಿಗೂ ನಾಚಿಕೆ ಇಲ್ಲ. ಆಸ್ಪತ್ರೆಗೂ ಹಂಗೇ ಮುಯ್ಯಿ ಮಾಡೋಣ. ನಿಮ್ಮೂರಲ್ಲಿ ಡಯಾಲಿಸಿಸ್‌ಗೆ ಹೋಗೋರು ಇದ್ರೆ ನಾಲ್ಕು ಮನೆಯವರು ಸೇರಿ ವಾರ ಹಂಚ್ಕೊಳಿ. ಅವರ ಮನೇಲಿ ಹುಳ ಹಣ್ಣಾಗೋ ಹೊತ್ತಲ್ಲಿ ತಪ್ಪದೇ ಹೋಗಿ ಕೇಳಿ. "ಮಿಷಿನ್ ಕೆಟ್ಟೈತೆ" ಅಂದ್ರೆ ಆಸ್ಪತ್ರೆಗೆ ನೀವೇ ಒಂದು ಫೋನ್ ಮಾಡಿ.

ನಮ್ಮೂರಲ್ಲಿ ಈಗ ಇಬ್ಬರು ಹೋಗ್ತಿದ್ದಾರೆ. ಒಬ್ಬರನ್ನ ಮಂಗಳವಾರ ನನ್ನ ಬೈಕಲ್ಲಿ ಕರ್ಕೊಂಡು ಹೋಗ್ತೀನಿ ಅಂತ ಒಪ್ಕೊಂಡಿದ್ದೀನಿ. ಶುಕ್ರವಾರಕ್ಕೆ ಇನ್ನೊಬ್ಬರು ಬೇಕು. ಹತ್ತಿರದವರು ಯಾರಾದ್ರೂ ಬರೋ ಹಾಗಿದ್ರೆ ತಿಳಿಸಿ, ಕೇಳ್ತಾ ಇದ್ದೀನಿ.

ಮುಂದಿನ ವಾರ ಹಿಪ್ಪುನೇರಳೆ ಚಿಗುರಿಗೆ ಬರೋ ಎಲೆ ಸುರುಳಿ ಹುಳದ ಬಗ್ಗೆ ಬರೀತೀನಿ.