ಗೊಂಬೆಗಳಿಗೊಂದು ಮರದ ಮೆಟ್ಟಿಲು

ಮೈಸೂರು ಸೀಮೆಯಲ್ಲಿ ದಸರೆಯೆಂದೊಡನೆ ಜಂಬೂಸವಾರಿ ನೆನಪಾಗುವುದು ಸಹಜ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಆ ಉತ್ಸವ ರಾಜಬೀದಿಯದು. ಮನೆಯೊಳಗಿನ ದಸರೆ ಗೊಂಬೆಗಳದು. ಮರದಲ್ಲಿ ಕಡೆದ ರಾಜ-ರಾಣಿಯರ ಜೋಡಿಯನ್ನು, ಎಂದರೆ ಪಟ್ಟದ ಗೊಂಬೆಗಳನ್ನು, ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳುಹಿಸುವ ಪದ್ಧತಿ ಇಲ್ಲಿದೆ. ನವರಾತ್ರಿಯಲ್ಲಿ ಆ ಜೋಡಿಗೆ ಮೇಲಿನ ಮೆಟ್ಟಿಲು, ಉಳಿದವಕ್ಕೆ ಕೆಳಗಿನವು. ಮೆಟ್ಟಿಲುಗಳು ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯಲ್ಲಿರುವುದು ವಾಡಿಕೆ.

ಲಿಂಗಪೂಜೆಯ ಮನೆಯಲ್ಲಿ ಗೊಂಬೆಗಳೇಕೆಂದು ಕೇಳುವವರುಂಟು. ಇಷ್ಟಲಿಂಗಾರ್ಚನೆಯ ಸ್ಥಾನವನ್ನು ಗೊಂಬೆಗಳು ಬಯಸುವುದಿಲ್ಲ. ಇದು ಅರ್ಚನೆಯಲ್ಲ, ಅಲಂಕಾರ; ನೆರೆಹೊರೆಯ ಮಕ್ಕಳನ್ನು ಕರೆದು ಗೊಂಬೆಬಾಗಿನ ಹಂಚುವುದಕ್ಕೊಂದು ನೆಪ.

ಮಂಡಕಳ್ಳಿಯ ನಮ್ಮ ಮನೆಯಲ್ಲಿ ಟ್ರಂಕು, ಪುಸ್ತಕದ ಪೆಟ್ಟಿಗೆ, ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ, ಬಿಳಿಯ ಪಂಚೆ ಹಾಸಿ ಒಂಬತ್ತು ಮೆಟ್ಟಿಲು ಮಾಡುತ್ತಿದ್ದೆವು. ಸೊಸೆಯಾಗಿ ಬಂದ ವರ್ಷದಿಂದ ಜೋಡಿಸುವ ಕೆಲಸ ನಮ್ಮ ಮನೆಯವರದೇ. ಈಚೆಗೆ ಅವರಿಗೆ ಮಂಡಿನೋವು ಬಲವಾಯಿತು. "ಇನ್ನು ಮೇಲೆ ಮಕ್ಕಳೇ ಜೋಡಿಸಲಿ, ನಾನು ಕುಳಿತು ನೋಡುತ್ತೇನೆ" ಎಂದರು. ದೂರಿನ ಮಾತಲ್ಲ ಅದು. ಆದರೂ ನಮ್ಮ ಮನಸ್ಸಿಗೆ ನಾಟಿತು. ಕುಳಿತೇ ಜೋಡಿಸಬಹುದಾದ ಮೂರು ಮೆಟ್ಟಿಲನ್ನು ಮರದಲ್ಲಿ ನಾವೇ ಮಾಡಬೇಕೆಂದು ನಿಶ್ಚಯಿಸಿದೆವು.

ಮಠದಲ್ಲಿ ಓದಿದ ನಮಗೆ ಓಲೆಗರಿಯ ಪರಿಚಯವುಂಟು, ಉಳಿಯದಿಲ್ಲ. ಆದರೆ 12ನೆಯ ಶತಮಾನದ ಶರಣರಲ್ಲಿ ಬಾಚಿ ಹಿಡಿದು ಬದುಕಿದ ಬಾಚಿಕಾಯಕದ ಬಸವಯ್ಯನವರೂ ಇದ್ದರಷ್ಟೆ. ನೆರೆಯ ಬಡಗಿಯೊಬ್ಬರನ್ನು ಗುರುವೆಂದು ಭಾವಿಸಿ, ಚೆನ್ನಾಗಿ ಒಣಗಿದ ಹಲಸಿನ ಹಲಗೆ ತಂದೆವು. ಪ್ರತಿ ಮೆಟ್ಟಿಲೂ ಎಂಟು ಅಂಗುಲ ಎತ್ತರ, ಎಂಟು ಅಂಗುಲ ಅಗಲ, ನಾಲ್ಕು ಅಡಿ ಉದ್ದ. ಮಣೆಯ ಮೇಲೆ ಕುಳಿತವರ ಕೈಗೆ ಮೇಲಿನ ಮೆಟ್ಟಿಲು ಎಟುಕಬೇಕೆಂಬುದೇ ಈ ಅಳತೆಯ ಲೆಕ್ಕ.

ಕೊಯ್ದು ಕೂಡಿಸುವುದಕ್ಕೆ ಎರಡು ದಿನ ಸಾಕಾಯಿತು. ನಯಮಾಡಲು ವಾರ ಹಿಡಿಯಿತು. ಉಪ್ಪುಕಾಗದವನ್ನು 80, 120, 220 ಎಂಬ ಕ್ರಮದಲ್ಲಿ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡಲಾಗಿ ಉಜ್ಜಿದರೆ ಆ ಗೀರು ಮೆರುಗು ಕೊಟ್ಟ ಮೇಲೆಯೇ ಎದ್ದು ಕಾಣುತ್ತದೆ. ಧೂಳನ್ನು ಬಟ್ಟೆಯಿಂದ ಒರೆಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳುವಾಗಿ ಬಳಿಯಬೇಕು. ಆಗ ಹತ್ತಿರ ದೀಪವಾಗಲಿ ಒಲೆಯಾಗಲಿ ಇರಕೂಡದು. ಒಂದು ಲೇಪ ಒಣಗಿದ ಬಳಿಕವೇ ಇನ್ನೊಂದು. ಮಳೆಯ ದಿನ ಬಳಿದರೆ ಗಾಳಿಯ ತೇವಕ್ಕೆ ಮೆರುಗು ಬೆಳ್ಳಗಾಗುತ್ತದೆ; ದಸರೆಯ ಮುಂಚಿನ ದಿನಗಳಲ್ಲಿ ಬಿಸಿಲು ಕಾಯುವುದೂ ಕೆಲಸದ ಒಂದು ಭಾಗವೇ.

ಅರಗಿನ ಮಹಿಮೆಯನ್ನು ಚನ್ನಪಟ್ಟಣದಲ್ಲಿ ನೋಡಬೇಕು. ಅಲ್ಲಿ ಹಾಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕುಂಚವೇ ಬೇಕಿಲ್ಲ. ಕೇದಗೆ ಜಾತಿಯ ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರವನ್ನು ಕಡೆದು, ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಮೇಲೆ ಬಣ್ಣವಿಡುತ್ತಾರೆ. ಈ ವಿದ್ಯೆಯಲ್ಲಿ ನಮಗೆ ದಕ್ಕಿದ್ದು ಸ್ವಲ್ಪ: ಸೀಳಿದ ಹಳೆಯ ಗೊಂಬೆಯ ಬಿರುಕಿಗೆ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ, ಅದೇ ಬಣ್ಣ ಹಚ್ಚಿದೆವು. ಮುರಿದ ಪ್ಲಾಸ್ಟಿಕ್ ಗೊಂಬೆಗೆ ಇಂಥ ಚಿಕಿತ್ಸೆ ಸುಲಭವಲ್ಲ.

ಒಂಬತ್ತು ಮೆಟ್ಟಿಲಿನ ಗೊಂಬೆಗಳು ಮೂರರಲ್ಲಿ ಹಿಡಿಯಲಾರವು. ಯಾವುವು ಉಳಿಯಬೇಕೆಂಬುದನ್ನು ನಮ್ಮ ಮನೆಯವರಿಗೇ ಬಿಟ್ಟೆವು. ತವರಿನ ಪಟ್ಟದ ಜೋಡಿ, ಒಂದು ಆನೆ, ಚೆಟ್ಟಿ ದಂಪತಿಗಳು, ಕೆಲವು ಚನ್ನಪಟ್ಟಣದ ಆಟಿಕೆಗಳು ಉಳಿದವು. ಮಿಕ್ಕವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಇಬ್ಬರು ಹೆಣ್ಣುಮಕ್ಕಳ ಮನೆಗಳಿಗೆ ಹಂಚಿದರು. ನವರಾತ್ರಿಯ ಮೊದಲ ದಿನ ಯಾರ ನೆರವನ್ನೂ ಬೇಡದೆ ತಾವೇ ಜೋಡಿಸಿ ಮುಗಿಸಿದರು.

ಮನೆಯ ಹಿರಿಯರಿಗೆ ಕೆಲಸ ತಪ್ಪಿಸುವುದೇ ಉಪಚಾರವೆಂದು ನಾವು ಎಷ್ಟೋ ವೇಳೆ ತಿಳಿಯುತ್ತೇವೆ. ಅವರ ಕೈಗೆ ಎಟುಕುವಂತೆ ಕೆಲಸವನ್ನು ತಗ್ಗಿಸಿಕೊಡುವುದು ಅದಕ್ಕಿಂತ ದೊಡ್ಡ ಉಪಚಾರ. ವಾಚಕ ಬಂಧುಗಳು ಈ ಸಲದ ದಸರೆಗೆ ಮುನ್ನ ತಮ್ಮ ಮನೆಯ ಮೆಟ್ಟಿಲ ಎತ್ತರವನ್ನೊಮ್ಮೆ ಅಳೆದು ನೋಡಬೇಕೆಂದು ಕೋರುತ್ತೇವೆ.