ಎಲೆಪೆಟ್ಟಿಗೆಯ ಹದ

ಹದ ಎಂಬ ಮಾತು ನಮ್ಮ ಕಡೆ ಹೆಂಗಸರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತದೆ. ಮುದ್ದೆಗೆ ಹದ, ಬೆಲ್ಲದ ಪಾಕಕ್ಕೆ ಹದ, ಗದ್ದೆಯ ಮಣ್ಣಿಗೆ ಹದ. ಚುಟ್ಟಕ್ಕೂ ಒಂದು ಹದವುಂಟು, ಅದನ್ನು ಕಾಯಲು ಒಂದು ಪೆಟ್ಟಿಗೆಯೇ ಬೇಕು ಎಂದು ನನಗೆ ತಿಳಿದದ್ದು ಒಂದು ಯುಗಾದಿಯ ದಿನ.

ನನ್ನ ತಮ್ಮನ ಮಗ ಬೆಂಗಳೂರಿನ ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಹಬ್ಬಕ್ಕೆಂದು ಪಾಂಡವಪುರಕ್ಕೆ ಬಂದವನು ಬ್ಯಾಗಿನಿಂದ ನುಣುಪಾದ ಮರದ ಪೆಟ್ಟಿಗೆಯೊಂದನ್ನು ಹೊರತೆಗೆದ. ಒಡವೆಯ ಪೆಟ್ಟಿಗೆಯಿರಬೇಕೆಂದು ಆಸೆಯಿಂದ ಬಗ್ಗಿ ನೋಡಿದೆ. ಒಳಗೆ ಹೆಬ್ಬೆರಳು ಗಾತ್ರದ ಆರು ಸಿಗಾರುಗಳು!

"ಇದಕ್ಕೆ ಹ್ಯುಮಿಡರ್ ಅಂತಾರೆ ಅತ್ತೆ, ನಮ್ಮ ಬಾಸ್ ಕೊಟ್ಟಿದ್ದು" ಎಂದ. ಆಮೇಲೆ ಮೇಷ್ಟರಂತೆ ನನಗೇ ಪಾಠ ಶುರುಮಾಡಿದ. ಪೆಟ್ಟಿಗೆಯ ಒಳಮೈಗೆ ಸೀಡರ್ ಮರ. ಮುಚ್ಚಳದಲ್ಲಿ ಗಡಿಯಾರದ ಹಾಗೆ ಒಂದು ಮುಳ್ಳು. ಅದು 65ರಿಂದ 70ರ ನಡುವೆ ನಿಂತಿದ್ದರೆ ಗಾಳಿಯ ತೇವ ಸರಿಯಾಗಿದೆ ಎಂದರ್ಥ. ತೇವ ಕಡಿಮೆಯಾದರೆ ಎಲೆ ಬಿರಿದು ಪುಡಿಯಾಗುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಸೆಕೆ ಏರಿದರೆ ಎಲೆಯೊಳಗಿನ ಹುಳುವಿನ ಮೊಟ್ಟೆ ಒಡೆದು ಸಿಗಾರೆಲ್ಲ ತೂತು. ತೇವಕ್ಕೆ ನಲ್ಲಿಯ ನೀರು ಆಗದು, ಬಟ್ಟಿ ಇಳಿಸಿದ ನೀರೇ ಬೇಕು. ಹೊಸ ಪೆಟ್ಟಿಗೆಗೆ ಮೊದಲು ಕೆಲವು ದಿನ ತೇವ ಕುಡಿಸಿ ಪಳಗಿಸಬೇಕು. ಇಲ್ಲದಿದ್ದರೆ ಒಣಮರ ಸಿಗಾರಿನ ತೇವವನ್ನೇ ಹೀರಿಬಿಡುತ್ತದೆ.

ಅಟ್ಟದ ಮೇಲಿದ್ದ ಹಿತ್ತಾಳೆಯ ಎಲೆಪೆಟ್ಟಿಗೆಯನ್ನು ಇಳಿಸಿ ತಂದು ಅವನ ಮುಂದಿಟ್ಟೆ. "ಇದು ನಮ್ಮನೆ ಹ್ಯುಮಿಡರ್ ಕಣಪ್ಪ" ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ನನ್ನ ತವರು ನಾಗಮಂಗಲ. ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. 1994ರಲ್ಲಿ ನನ್ನ ಮದುವೆಯಾದಾಗ ಅಪ್ಪ ಬೀಗಿತ್ತಿಗೆ ಉಡುಗೊರೆಯಾಗಿ ಈ ಪೆಟ್ಟಿಗೆಯನ್ನು ಕೊಟ್ಟಿದ್ದರು. ನಮ್ಮತ್ತೆಯವರಿಗೆ ಅದು ಪ್ರಾಣ. ಅದರ ಉಸ್ತುವಾರಿಯನ್ನು ಅವರು ನನಗೆ ವಹಿಸಿದ್ದು ಮದುವೆಯಾದ ಎರಡನೆಯ ವಾರದಲ್ಲೇ. ಬಿ.ಎ., ಬಿ.ಎಡ್. ಓದಿ ಬಂದ ಸೊಸೆಗೆ ಸಿಕ್ಕ ಮೊದಲ ಜವಾಬ್ದಾರಿ ಅದು!

ಸುಲಭವೆಂದುಕೊಳ್ಳಬೇಡಿ. ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಹದ. ವೀಳ್ಯದೆಲೆಗೆ ತೇವ ಬೇಕು. ತೊಳೆದು, ನೀರು ಒದರಿ, ತೆಳುವಾದ ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಸುತ್ತಬೇಕು. ನೀರು ನಿಂತರೆ ಎಲೆ ಕಪ್ಪಾಗಿ ಕೊಳೆಯುತ್ತದೆ. ಒಂದು ಕೊಳೆತರೆ ಪಕ್ಕದ್ದೂ ಕೊಳೆಯುತ್ತದೆ. ಅದಕ್ಕೇ ದಿನವೂ ಮಗುಚಿ ನೋಡಬೇಕು. ಅಡಿಕೆ ಒಣಗಿರಬೇಕು. ಸುಣ್ಣ ಬೆಣ್ಣೆಯಂತಿರಬೇಕು, ಗಟ್ಟಿಯಾದರೆ ನಾಲ್ಕು ಹನಿ ನೀರು. ಇನ್ನು ಹೊಗೆಸೊಪ್ಪು. ಅತ್ತೆಯವರ ತವರು ಕೆ.ಆರ್. ಪೇಟೆ, ಅವರಣ್ಣ ಅಲ್ಲಿನ ಸಂತೆಯಲ್ಲಿ ಆರಿಸಿ ಕಳಿಸುತ್ತಿದ್ದ ಸೊಪ್ಪು. ಮುರಿದರೆ ಪುಡಿಯಾಗಬಾರದು, ಹಿಚುಕಿದರೆ ಬೆರಳಿಗೆ ಅಂಟಬಾರದು. ಅದಕ್ಕೆ ಮುಳ್ಳೂ ಇಲ್ಲ, ಗಡಿಯಾರವೂ ಇಲ್ಲ. ನನ್ನ ಎರಡು ಬೆರಳೇ ಅಳತೆ.

ಬೆಳಿಗ್ಗೆ ಶ್ರೀರಂಗಪಟ್ಟಣದ ಶಾಲೆಗೆ ಹೋಗಲು ಬಸ್ಸಿಗೆ ಓಡುವ ಹೊತ್ತಿಗೆ ಒಳಗಿನಿಂದ ಕೂಗು ಬರುತ್ತಿತ್ತು: "ಎಲೆಗೆ ನೀರು ಚಿಮುಕಿಸ್ದೇನವ್ವ?" ಚಿಮುಕಿಸಿಯೇ ಹೋಗುತ್ತಿದ್ದೆ. ಮನೆಗೆ ಬಂದವರೆದುರು ಅತ್ತೆ "ನಮ್ಮ ಸೊಸೆ ಮಡಗಿದ ಎಲೆ ಎಂಟು ದಿನ ಬಾಡಾಕಿಲ್ಲ" ಎನ್ನುವರು. ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಶಾಲೆಯಲ್ಲಿ ನಾನು ಸಮಾಜ ಪಾಠದವಳು. ಹೊಗೆಸೊಪ್ಪು ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು, ಪೋರ್ಚುಗೀಸರು ಇಲ್ಲಿಗೆ ತಂದರು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ತಮಿಳಿನ ಸುರುಟ್ಟೇ ಇಂಗ್ಲಿಷರ ಬಾಯಲ್ಲಿ ಚಿರೂಟ್ ಆಯಿತು ಎಂದಾಗ ಮಕ್ಕಳಿಗೆ ನಗು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ನಮ್ಮ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತಲ್ಲ, ಅವರೂ ಇಲ್ಲಿನ ಬಂಡೆಗಳ ಮೇಲೆ ಕೂತು ಚುಟ್ಟ ಸೇದಿರಬಹುದು ಎನ್ನುತ್ತಿದ್ದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರಲ್ಲಿ ಕಾನೂನು ಬಂದಾಗ ಅದನ್ನೂ ಹೇಳಿದೆ. ಸಂಜೆ ಮನೆಗೆ ಬಂದು ಹೊಗೆಸೊಪ್ಪಿನ ಹದ ನೋಡಿದೆ. ಎರಡೂ ಒಂದೇ ದಿನ, ಒಂದೇ ಕೈ. ನನಗೆ ಏನೂ ಅನ್ನಿಸಲಿಲ್ಲ.

2006ರಲ್ಲಿ ಅತ್ತೆಯವರ ಕೆನ್ನೆಯೊಳಗೆ ಒಂದು ಬಿಳಿಯ ಮಚ್ಚೆ ಕಂಡಿತು. ಸುಣ್ಣ ಸುಟ್ಟಿದೆ ಎಂದರು. ಅದು ಹುಣ್ಣಾಯಿತು, ಮಾಯಲಿಲ್ಲ. ಬಾಯಿ ಎರಡು ಬೆರಳಿನಷ್ಟೂ ತೆರೆಯದಾದಾಗ ಬೆಂಗಳೂರಿಗೆ ಕರೆದೊಯ್ದೆವು. ಡಾಕ್ಟರು ಅವರು ಸೊಪ್ಪು ಇಟ್ಟುಕೊಳ್ಳುತ್ತಿದ್ದ ಜಾಗವನ್ನೇ ಬೆರಳಿಟ್ಟು ತೋರಿಸಿದರು. ತಂಬಾಕು ಸೇರಿದ ಎಲೆಯಡಿಕೆ ಮಾತ್ರವಲ್ಲ, ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ವರದಿ 2004ರಲ್ಲೇ ಹೇಳಿತ್ತು. ಇದು ನಾನು ಆಮೇಲೆ ಓದಿ ತಿಳಿದದ್ದು.

ಕೊನೆಯ ತಿಂಗಳುಗಳಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಆದರೂ ಪೆಟ್ಟಿಗೆ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಮಾತು ನಿಂತಮೇಲೆ ಕೈಸನ್ನೆಯಲ್ಲೇ ಕೇಳುವರು, ನೀರು ಚಿಮುಕಿಸಿದೆಯಾ ಎಂದು. ತಿನ್ನುವವರಿಲ್ಲದ ಎಲೆಗೆ ದಿನವೂ ಬಟ್ಟೆ ಒದ್ದೆ ಮಾಡಿದೆ. ಸೊಪ್ಪನ್ನು ಮಾತ್ರ ಹಿತ್ತಲಿನಲ್ಲಿ ಸುಟ್ಟೆ. ಅವರಿಗೆ ಹೇಳಲಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. "ಸಿಗಾರಿನ ಹೊಗೆ ಒಳಗೆಳೆಯಲ್ಲ ಅತ್ತೆ, ಬಾಯಲ್ಲೇ ಇರುತ್ತೆ" ಎಂದ. "ನಿಮ್ಮಜ್ಜಿಯ ಸೊಪ್ಪೂ ಬಾಯಲ್ಲೇ ಇದ್ದದ್ದು ಕಣೋ" ಎಂದೆ. ಅವನು ಪೆಟ್ಟಿಗೆ ಮುಚ್ಚಿದ. ಮಾರನೆಯ ದಿನ ಹೊರಟಾಗ ಅದನ್ನು ಬ್ಯಾಗಿಗೆ ಹಾಕಿಕೊಂಡೇ ಹೋದ. ಸಿಗಾರು ಏನು ಮಾಡಿದನೋ, ನಾನು ಕೇಳಿಲ್ಲ. ಕೇಳಬೇಕು.

ಹಿತ್ತಾಳೆ ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದೆ. ಈಗ ಪೂಜೆಗೆ, ಮುತ್ತೈದೆಯರ ತಾಂಬೂಲಕ್ಕೆ ತಂದ ಎಲೆ ಅದರಲ್ಲಿರುತ್ತದೆ, ಒದ್ದೆಬಟ್ಟೆ ಸುತ್ತಿ. ಸೊಪ್ಪಿನ ಮನೆಯಲ್ಲಿ ಸೂಜಿ, ದಾರ, ಗುಂಡಿ ಇಟ್ಟಿದ್ದೇನೆ. ಎಷ್ಟು ತಿಕ್ಕಿದರೂ ಆ ಮನೆಯ ವಾಸನೆ ಮಾತ್ರ ಹೋಗಿಲ್ಲ. ಗುಂಡಿ ಹೊಲಿಯಲು ಕೂತಾಗ ದಾರದಲ್ಲೂ ಅದೇ ವಾಸನೆ.