ಘಟ್ಟದ ಮೇಲೆ ಶಿಪ್ಪಿನ ಮಾತು

ಮೊಬೈಲಿನಲ್ಲಿ ಒಂದು ಮಿಕ್ಸಿ ಜಾರು ಆರ್ಡರ್ ಮಾಡಿದರೆ ಮರುದಿನವೇ ‘ಶಿಪ್ ಆಗಿದೆ’ ಎಂದು ಮೆಸೇಜು ಬರುತ್ತದೆ. ಜಾರು ಹೊರಡುವುದು ಬೆಂಗಳೂರಿನ ಕಡೆಯ ಯಾವುದೋ ಗೋದಾಮಿನಿಂದ, ಲಾರಿಯಲ್ಲಿ. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸ ಮುಟ್ಟುವವರೆಗೆ ಅದಕ್ಕೆ ಸಿಗುವ ನೀರೆಂದರೆ ಮಳೆಯದು ಮಾತ್ರ. ಆದರೂ ಬಿಲ್ಲಿನಲ್ಲಿ ಶಿಪ್ಪಿಂಗ್ ಚಾರ್ಜು ಇರುತ್ತದೆ, ನಾವೂ ಕೊಡುತ್ತೇವೆ. ಬಯಲುಸೀಮೆಯವರಿಗೆ ಇದು ತಮಾಷೆಯಾಗಿ ಕಾಣಬಹುದು. ಕುದುರೆಮುಖದ ಸುತ್ತಲಿನವರಿಗೆ ಶಿಪ್ಪಿನ ಮಾತು ಮೊಬೈಲಿಗಿಂತ ಎಷ್ಟೋ ಹಳೆಯದು.

ಸಮುದ್ರಕ್ಕೂ ಈ ಬೆಟ್ಟಕ್ಕೂ ನೋಟದ ನಂಟು ಮೊದಲಿನಿಂದಲೂ ಇದೆ. ಸಂಸೆಯ ಕಡೆಯಿಂದ ಕುದುರೆಯ ಮೋರೆಯಾಗಿ ಕಾಣುವ 1,894 ಮೀಟರ್ ಎತ್ತರದ ಶಿಖರ ಹತ್ತಿದರೆ, ಮೋಡ ಸರಿದ ದಿನ ಪಡುವಣದಲ್ಲಿ ಅರಬ್ಬಿ ಸಮುದ್ರ ಕಾಣಿಸುತ್ತದೆ. ಅಲ್ಲಿಂದ ಇತ್ತ ನೋಡುವವರಿಗೂ ಇದು ಗುರುತಾಗಿತ್ತು. ಮಂಜಿಯವರೂ ಹಡಗಿನವರೂ ಈ ಮೋರೆ ನೋಡಿ ಕರಾವಳಿಯ ಅಂದಾಜು ಹಿಡಿಯುತ್ತಿದ್ದರೆಂದು ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿದೆ. ಭದ್ರೆ ಮಾತ್ರ ಈ ನಂಟಿಗೆ ಸೇರಿದವಳಲ್ಲ. ಗಂಗಾಮೂಲದಲ್ಲಿ ಹುಟ್ಟುವ ಮೂರು ನದಿಗಳಲ್ಲಿ ನೇತ್ರಾವತಿ ಘಟ್ಟ ಇಳಿದು ಮಂಗಳೂರಿನಲ್ಲಿ ಬೇಗ ಸಮುದ್ರ ಸೇರುತ್ತಾಳೆ. ಭದ್ರೆ ಬೆನ್ನು ತಿರುಗಿಸಿ ಕುದುರೆಮುಖ, ಕಳಸ, ಬಾಳೆಹೊನ್ನೂರು ಎಂದು ಬಳಸಿ, ಕೂಡಲಿಯಲ್ಲಿ ತುಂಗೆಯ ಕೈಹಿಡಿದು, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅಷ್ಟು ದೂರ ಹೋದರೂ ನಮ್ಮ ಕಡೆ ಒಂದು ತೆಪ್ಪಕ್ಕಿಂತ ದೊಡ್ಡದನ್ನು ಹೊತ್ತವಳಲ್ಲ. ಮಳೆಗಾಲದಲ್ಲಿ ಹೆಬ್ಬಾಳೆಯ ಹಳೇ ಸೇತುವೆ ಮುಳುಗಿಸಿ ಹೊರನಾಡಿನ ದಾರಿ ಕಟ್ಟುವುದರಲ್ಲೇ ಅವಳ ಜೋರು.

ನದಿ ಒಲ್ಲೆನೆಂದ ಕೆಲಸವನ್ನು ಪೈಪು ಮಾಡಿತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿದ್ದೇ ಇರಾನಿನ ಶಾಹನ ಸಾಲದ ಮೇಲೆ, ಅಲ್ಲಿನ ಉಕ್ಕಿನ ಕಾರ್ಖಾನೆಗಳಿಗಾಗಿ. ಮಲ್ಲೇಶ್ವರವೆಂಬ ಹಳ್ಳಿಯ ಜಾಗದಲ್ಲಿ ಟೌನ್‌ಶಿಪ್ ಎದ್ದಿತು. (ಊರಿನ ಹೆಸರಿಗೂ ಶಿಪ್ಪು ಅಂಟಿಕೊಂಡದ್ದು ಕೇವಲ ಕಾಕತಾಳೀಯ.) ಗುಡ್ಡ ಅಗೆದು, ಅದಿರು ಅರೆದು, ಕಬ್ಬಿಣದ ಅಂಶ ಬೇರ್ಪಡಿಸಿ, ನೀರಿನಲ್ಲಿ ದೋಸೆ ಹಿಟ್ಟಿನ ಹಾಗೆ ಕದಡಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿನ ಪಣಂಬೂರು ಬಂದರಿಗೆ ಬಿಡುತ್ತಿದ್ದರು. ಘಟ್ಟದ ಇಳಿಜಾರೇ ದೂಡುತ್ತಿತ್ತು. ಅಲ್ಲಿ ನೀರು ಹಿಂಡಿ ತೆಗೆದು ಶಿಪ್ಪಿಗೆ ತುಂಬುವುದು. ಪ್ಲಾಂಟು ಮುಗಿಯುವ ಹೊತ್ತಿಗೆ, 1979ರಲ್ಲಿ, ಶಾಹನೇ ದೇಶ ಬಿಟ್ಟು ಓಡಿದ್ದ. ಅದಿರು ಸಿದ್ಧ, ಪೈಪು ಸಿದ್ಧ, ಕೊಳ್ಳುವವನಿಲ್ಲ. ಬೇರೆ ದೇಶದ ಗಿರಾಕಿಗಳನ್ನು ಹುಡುಕಿಕೊಂಡ ಮೇಲೆ ಘಟ್ಟದ ಮೇಲಿನ ಶಿಫ್ಟು, ಓವರ್‌ಟೈಮು, ಬೋನಸ್ಸು ಎಲ್ಲಕ್ಕೂ ಕೆಳಗೆ ಬಂದರಿನಲ್ಲಿ ನಿಂತ ಶಿಪ್ಪೇ ಲೆಕ್ಕವಾಯಿತು. ಹಡಗನ್ನು ಕಣ್ಣಲ್ಲಿ ಕಾಣದ ಮನೆಯಲ್ಲೂ ‘ಈ ಸಲ ಶಿಪ್ಪು ತಡವಂತೆ’ ಎನ್ನುವುದು ಊಟದ ಹೊತ್ತಿನ ಮಾತು.

ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ನಿಂತದ್ದು ಸರಿಯೇ; ಭದ್ರೆ ಕೆಂಪಾಗಿ ಹರಿದದ್ದನ್ನು ಕಂಡವರು ಬೇರೆ ಮಾತಾಡಲಾರರು. ಊರು ಖಾಲಿಯಾಯಿತು, ಪಣಂಬೂರಿನಲ್ಲಿ ಅದಿರನ್ನು ಉಂಡೆ ಕಟ್ಟುವ ಕಂಪನಿಯ ಪೆಲೆಟ್ ಕಾರ್ಖಾನೆ ಉಳಿಯಿತು. ಅದಕ್ಕೆ ಛತ್ತೀಸಗಡದ ಅದಿರು ವಿಶಾಖಪಟ್ಟಣದಲ್ಲಿ ಶಿಪ್ಪು ಹತ್ತಿ, ಭಾರತವನ್ನು ಸುತ್ತು ಹಾಕಿ ಮಂಗಳೂರಿಗೆ ಬರತೊಡಗಿತು. ಅದಿರು ಹೊರಡುತ್ತಿದ್ದ ಬಂದರಿಗೇ ಅದಿರು ಆಮದು!

ಕಾಫಿಯವರ ಶಿಪ್ಪಿನ ಕಥೆ ಇದಕ್ಕಿಂತ ರುಚಿ. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕಡೆಯ ಕಾಫಿ ಗುಡ್‌ಹೋಪ್ ಭೂಶಿರ ಸುತ್ತಿ ಯುರೋಪು ಸೇರಲು ತಿಂಗಳುಗಟ್ಟಲೆ ಬೇಕಿತ್ತು. ಹಡಗಿನ ಹೊಟ್ಟೆಯಲ್ಲಿ ತೇವ ಕುಡಿದ ಬೀಜ ಊದಿ, ಹಸಿರು ಬಣ್ಣ ಬಿಟ್ಟು ಹಳದಿಗೆ ತಿರುಗುತ್ತಿತ್ತು, ಹುಳಿ ಸತ್ತು ಮೆತ್ತಗಾಗುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ನಾಲಿಗೆಗೆ ಹತ್ತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು, ದಾರಿ ಕಿರಿದಾದಾಗ ಬೀಜ ಹಸಿರಾಗಿಯೇ ಹೋಗಿ ಇಳಿಯಿತು. ಗಿರಾಕಿಗಳು ಮುಖ ಸಿಂಡರಿಸಿದರು. ಅದಕ್ಕೇ ಈಗ ಜೂನ್ ಬಂತೆಂದರೆ ಮಂಗಳೂರಿನ ಕ್ಯೂರಿಂಗ್ ಗೋದಾಮುಗಳಲ್ಲಿ ಬಾಗಿಲು ತೆರೆದಿಟ್ಟು, ನೆಲದ ಮೇಲೆ ಬೀಜ ಹರವಿ, ಮಳೆಗಾಳಿ ಕುಡಿಸುತ್ತಾರೆ. ಬೂಷ್ಟು ಹಿಡಿಯದಂತೆ ಆಗಾಗ ಕೆದಕುತ್ತಾರೆ, ಚೀಲಕ್ಕೆ ತುಂಬಿ ಗಾಳಿ ಹಾಯುವಂತೆ ಸಡಿಲವಾಗಿ ಒಟ್ಟುತ್ತಾರೆ. ಮಳೆ ಹಿಂದೆಗೆಯುವಷ್ಟರಲ್ಲಿ ಬೀಜ ಒಣಹುಲ್ಲಿನ ಬಣ್ಣಕ್ಕೆ ಬಂದು, ಅಂಗೈಯಲ್ಲಿ ಹಗುರಾಗಿ ಉರುಳುತ್ತದೆ. ಹಡಗು ಹತ್ತುವ ಮೊದಲೇ ಹಡಗಿನ ಪ್ರಯಾಣ ಮುಗಿಸಿದ ಈ ಬೀಜಕ್ಕೆ ಹೆಸರು ಮಾನ್ಸೂನ್ಡ್ ಮಲಬಾರ್.

ಬೆಳೆಯನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡುತ್ತಿದ್ದ ಕಾಲದಲ್ಲಿ ಬೆಳೆಗಾರನಿಗೆ ಹಡಗಿನ ಚಿಂತೆ ಇರಲಿಲ್ಲ. ಇದ್ದದ್ದು ಬಾಕಿ ಕಂತು ಯಾವಾಗ ಬರುತ್ತದೆಂಬುದೊಂದೇ. ತೊಂಬತ್ತರ ದಶಕದಲ್ಲಿ ಮಾರುಕಟ್ಟೆ ಬಿಡುಗಡೆಯಾದ ಮೇಲೆ ‘ಶಿಪ್‌ಮೆಂಟು’ ಅಡಕೆ ಸಿಪ್ಪೆಯ ಒಲೆಯ ಮುಂದೆಯೂ ಬಂದು ಕೂತಿತು. ಅರೇಬಿಕಾಕ್ಕೆ ನ್ಯೂಯಾರ್ಕು, ರೊಬಸ್ಟಾಕ್ಕೆ ಲಂಡನ್ನು ನೋಡಿಕೊಂಡವನು, 2023ರ ಕೊನೆಯಿಂದ ಕೆಂಪು ಸಮುದ್ರವನ್ನೂ ನೋಡಬೇಕಾಯಿತು. ಯೆಮನ್ನಿನ ಹೂಥಿಗಳ ದಾಳಿಗೆ ಹೆದರಿ ಹಡಗುಗಳು ಸೂಯೆಜ್ ಬಿಟ್ಟು ಮತ್ತೆ ಗುಡ್‌ಹೋಪ್ ಸುತ್ತತೊಡಗಿದವು. ಬಾಡಿಗೆ ಏರಿತು, ಕಂಟೇನರು ಸಿಗದಾಯಿತು. ಬಾಬಾಬುಡನ್ ಮೊದಲು ಕಾಫಿ ಬೀಜ ತಂದರೆಂದು ಹೇಳುವ ನಾಡೂ ಅದೇ ಯೆಮನ್ನು. ವಿಯೆಟ್ನಾಮಿನಲ್ಲೂ ಬ್ರೆಜಿಲಿನಲ್ಲೂ ಬೆಳೆ ಕೈಕೊಟ್ಟದ್ದರಿಂದ ದರವೇನೋ ದಾಖಲೆಗೇರಿತು. ಆದರೆ ಏರಿದ ದರದಲ್ಲೂ ನಾಲ್ಕು ಕಾಸು ಮುರಿಯಲು ವ್ಯಾಪಾರಿಗೆ ಒಂದು ನೆವ ಸಿಕ್ಕಿತು. ಶಿಪ್ಪು ಸರಾಗ ಹೋದ ವರ್ಷ ಅದರ ಹೆಸರಿನಲ್ಲಿ ಯಾರೂ ಹೆಚ್ಚಿಗೆ ಕೊಟ್ಟದ್ದಿಲ್ಲವೆನ್ನಿ.

“ಶಿಪ್‌ಮೆಂಟ್ ಆಗ್ತಾ ಇಲ್ಲ ಮಾರಾಯ್ರೇ, ಮೇಲಿಂದ ರೇಟು ಇಳಿಸಿದ್ದಾರೆ” ಎಂದು ಕಳಸದಲ್ಲೊಬ್ಬ ವ್ಯಾಪಾರಿ ರಾಗ ಎಳೆದರೆ, ಕಾಫಿ ಚೆರಿಯ ಚೀಲ ಹೊತ್ತ ಜೀಪನ್ನು ಆಫೂ ಮಾಡದೆ ಕೂತಿದ್ದ ಬೆಳೆಗಾರರು ಹೇಳಿದರು: “ಅಡ್ಡಿಲ್ಲ ಮಾರಾಯ್ರೇ, ಶಿಪ್ಪು ಹೊರಟ ಮೇಲೆ ಒಂದು ಫೋನ್ ಮಾಡಿ. ಅಲ್ಲಿವರೆಗೆ ಚೆರಿ ನಮ್ಮ ಅಟ್ಟದಲ್ಲೇ ಇರ್ತದೆ.”